ದೂರದ ಯುದ್ಧ, ನಮ್ಮ ರೇಷ್ಮೆ

ಅಕ್ಕಂದಿರೇ, ನಿಮ್ಮಲ್ಲಿ ಬಹಳ ಜನ ರೇಷ್ಮೆ ಹುಳು ಸಾಕಿದವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ಯದ ಕೈ ಕಡಿಮೆ. ನಡುರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕಿದ್ದೀರಿ. ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟಿದ್ದೀರಿ. ಗೂಡು ಮಾರೋಕೆ ಹೋದವರು ಬರೋ ದಾರಿ ಕಾದಿದ್ದೀರಿ. ಒಂದು ಸಲ ರೇಟು ಏರಿರುತ್ತೆ. ಇನ್ನೊಂದು ಸಲ ನೆಲ ಕಚ್ಚಿರುತ್ತೆ. ಯಾಕೆ ಅಂತ ಕೇಳಿದರೆ "ಮಾರ್ಕೆಟ್ ಬಿತ್ತು" ಅಂತಾರೆ. ಮಾರ್ಕೆಟ್ ಸುಮ್ಮನೆ ಬೀಳುತ್ತಾ?

ಹಿಂದೆ ಒಂದು ಕಾಲದಲ್ಲಿ ರೇಷ್ಮೆ ಬೆಲೆ ಬಿತ್ತು. ಆಮೇಲೆ ಏರಿತು. ಮತ್ತೆ ಇಳಿಯಿತು. ಆ ಏರಿಳಿತದ ನಡುವೆ ಒಂದು ಮಹಾಯುದ್ಧ ನಡೆದುಹೋಯಿತು. 1939ರಿಂದ 1945ರವರೆಗೆ ನಡೆದ ಎರಡನೇ ಮಹಾಯುದ್ಧ ಅದು. ಅದರ ಕತೆ ಹೇಳ್ತೀವಿ, ಕೇಳಿ.

ಆಗ ನಮ್ಮದು ಮೈಸೂರು ಸಂಸ್ಥಾನ. ರಾಜರ ಆಳ್ವಿಕೆ. ರಾಜರ ಮೇಲೆ ಇಂಗ್ಲಿಷರು. ಈ ನಾಲ್ಕೂ ಊರು ಬೆಂಗಳೂರು ಜಿಲ್ಲೆಗೆ ಸೇರಿದ್ದವು. ರಾಮನಗರಕ್ಕೆ ಇನ್ನೂ ಆ ಹೆಸರು ಬಂದಿರಲಿಲ್ಲ. ಬ್ಯಾರಿ ಕ್ಲೋಸ್ ಅನ್ನೋ ಇಂಗ್ಲಿಷ್ ಅಧಿಕಾರಿಯ ಹೆಸರಲ್ಲಿ ಅದನ್ನು ಕ್ಲೋಸ್‌ಪೇಟೆ ಅಂತಿದ್ದರು.

ಯುದ್ಧದ ಬೀಜ ಮೊದಲೇ ಬಿದ್ದಿತ್ತು. 1914ರಿಂದ 1918ರವರೆಗೆ ಮೊದಲನೇ ಮಹಾಯುದ್ಧ ನಡೆದಿತ್ತು. ನಮ್ಮ ಮೈಸೂರಿನ ಕುದುರೆ ಸವಾರರೂ ಸಮುದ್ರ ದಾಟಿ ಹೋಗಿ ಹೈಫಾ ಅನ್ನೋ ಊರಲ್ಲಿ ಕಾದಾಡಿದ್ದರು. ಆ ಯುದ್ಧದಲ್ಲಿ ಜರ್ಮನಿ ಸೋತಿತು. ಗೆದ್ದ ದೇಶಗಳು 1919ರಲ್ಲಿ ಒಪ್ಪಂದ ಮಾಡಿಸಿದವು. ಜರ್ಮನಿಯ ನೆಲ ಕಿತ್ತುಕೊಂಡವು. ಭಾರಿ ದಂಡ ಹಾಕಿದವು. ಸೋತವರ ಎದೆಯಲ್ಲಿ ಹಗೆ ಉಳಿಯಿತು.

1929ರಲ್ಲಿ ಅಮೆರಿಕದಲ್ಲಿ ಷೇರುಪೇಟೆ ಬಿತ್ತು. ಬ್ಯಾಂಕು ಮುಳುಗಿದವು, ಕಾರ್ಖಾನೆ ಮುಚ್ಚಿದವು. ಅಮೆರಿಕ ಎಲ್ಲಿ, ನಾವೆಲ್ಲಿ ಅನ್ನಬೇಡಿ. ಅಲ್ಲಿನ ಹೆಂಗಸರು ಕಾಲಿಗೆ ರೇಷ್ಮೆ ಕಾಲುಚೀಲ ಹಾಕುತ್ತಿದ್ದರು. ಅದಕ್ಕೆ ರೇಷ್ಮೆ ಹೋಗುತ್ತಿದ್ದದ್ದು ಹೆಚ್ಚಾಗಿ ಜಪಾನಿನಿಂದ. ಜಪಾನಿನಲ್ಲಿ ಹತ್ತು ರೈತರ ಮನೆಗಳಲ್ಲಿ ಸುಮಾರು ನಾಲ್ಕು ಮನೆಯವರು ಹುಳು ಸಾಕುತ್ತಿದ್ದರು. ಅಮೆರಿಕದವರ ಕೈಲಿ ಕಾಸಿಲ್ಲ ಅಂದಮೇಲೆ ರೇಷ್ಮೆ ಕೊಳ್ಳೋರು ಯಾರು? ಜಪಾನಿನ ಹಳ್ಳಿಗಳು ಸಾಲದಲ್ಲಿ ಮುಳುಗಿದವು.

ಮಾರಾಟವಾಗದ ರೇಷ್ಮೆ ಅಗ್ಗದ ಬೆಲೆಗೆ ನಮ್ಮ ದೇಶಕ್ಕೆ ಬಂತು. ಮೈಸೂರು ರೇಷ್ಮೆಗೆ ಬೆಲೆ ಇಲ್ಲದಂತಾಯಿತು. ಎಷ್ಟೋ ಕಡೆ ಹಿಪ್ಪುನೇರಳೆ ತೋಟ ಕಡಿಮೆಯಾದವು. ನಮ್ಮ ಹೆಂಗಸರೂ ಜಪಾನಿನ ಹೆಂಗಸರೂ ಒಂದೇ ಕಷ್ಟ ತಿಂದರು. ಒಬ್ಬರಿಗೊಬ್ಬರ ಸುದ್ದಿ ಗೊತ್ತಿರಲಿಲ್ಲ, ಅಷ್ಟೆ. ಹೊರಗಿನ ರೇಷ್ಮೆಗೆ 1934ರಲ್ಲಿ ಸರ್ಕಾರ ಸುಂಕ ಹೆಚ್ಚಿಸಿತು.

ಜನ ಹಸಿದಾಗ ದೊಡ್ಡ ಮಾತಾಡೋರು ಮುಂದೆ ಬರ್ತಾರೆ. ಜರ್ಮನಿಯಲ್ಲಿ 1932ರಲ್ಲಿ ಸುಮಾರು 60 ಲಕ್ಷ ಜನಕ್ಕೆ ಕೆಲಸ ಇರಲಿಲ್ಲ. ಹಿಟ್ಲರ್ ಅನ್ನೋನು "ನಿಮ್ಮ ಕಷ್ಟಕ್ಕೆಲ್ಲ ಯೆಹೂದಿಗಳೇ ಕಾರಣ" ಅಂತ ಸುಳ್ಳು ಹಬ್ಬಿಸಿದ. 1933ರಲ್ಲಿ ಅಧಿಕಾರ ಹಿಡಿದ. ಮುಂದೆ ಅವನ ಆಡಳಿತ ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದಿತು. ಮಕ್ಕಳನ್ನೂ ಬಿಡಲಿಲ್ಲ. ಜಪಾನಿನಲ್ಲಿ ಸೇನೆಯವರ ಕೈ ಮೇಲಾಯಿತು. ಎಣ್ಣೆ, ರಬ್ಬರು, ಭೂಮಿ ಬೇಕು ಅಂತ ಅಕ್ಕಪಕ್ಕದ ದೇಶಗಳ ಮೇಲೆ ಬಿದ್ದರು. ಇಟಲಿಯೂ ಅದೇ ದಾರಿ ಹಿಡಿಯಿತು. ಇಂಗ್ಲಿಷರು ಬುದ್ಧಿ ಹೇಳಿದರು. ಆದರೆ ಅವರೇ ನಮ್ಮ ದೇಶವನ್ನು ಹಿಡಿದಿಟ್ಟುಕೊಂಡಿದ್ದರಲ್ಲ!

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡ್ ದೇಶದ ಮೇಲೆ ನುಗ್ಗಿತು. 3ನೇ ತಾರೀಖು ಇಂಗ್ಲೆಂಡ್ ಯುದ್ಧ ಸಾರಿತು. ಅದೇ ದಿನ ವೈಸ್‌ರಾಯ್ ಭಾರತವೂ ಯುದ್ಧದಲ್ಲಿದೆ ಅಂದುಬಿಟ್ಟರು. ನಮ್ಮ ನಾಯಕರನ್ನು ಒಂದು ಮಾತು ಕೇಳಲಿಲ್ಲ.

ಯುದ್ಧ ನಮ್ಮ ಊರಿಗೆ ಬಾಂಬಾಗಿ ಬರಲಿಲ್ಲ. ಬೇರೆ ದಾರಿಯಲ್ಲಿ ಬಂತು.

1941ರ ಡಿಸೆಂಬರಿನಲ್ಲಿ ಜಪಾನ್ ಅಮೆರಿಕದ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿಯಲ್ಲಿ ಸಿಂಗಪುರ ಗೆದ್ದಿತು. ಅಲ್ಲಿದ್ದ ಮೈಸೂರು ಸಂಸ್ಥಾನದ ಸಿಪಾಯಿಗಳೂ ಸೆರೆಯಾದರು. ಮುಂದಿನ ತಿಂಗಳು ಬರ್ಮಾದ ರಂಗೂನ್ ಬಿತ್ತು. ಬರ್ಮಾದಿಂದ ನಮ್ಮ ದೇಶಕ್ಕೆ ವರ್ಷಕ್ಕೆ 10 ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ಬರುತ್ತಿತ್ತು. ಸೀಮೆಎಣ್ಣೆಯೂ ಬರುತ್ತಿತ್ತು. ಎರಡೂ ನಿಂತವು.

ಸೀಮೆಎಣ್ಣೆ ಇಲ್ಲ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಹರಳೆಣ್ಣೆ, ಹೊಂಗೆಎಣ್ಣೆ ದೀಪ ಮತ್ತೆ ಬಂದವು. ಪೆಟ್ರೋಲ್ ಸೈನ್ಯಕ್ಕೆ ಹೋಯಿತು. ಬಸ್ಸಿಗೆ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸಿದರು. ಏರು ಬಂದರೆ ಬಸ್ಸು ಏದುಸಿರು ಬಿಡುತ್ತಿತ್ತು. ಜನ ಇಳಿದು ತಳ್ಳಬೇಕು! ಮಿಲ್ಲಿನ ಬಟ್ಟೆ ಸೈನ್ಯಕ್ಕೆ ಹೋದದ್ದರಿಂದ ಸೀರೆಗೂ ಬರ ಬಂತು. ಉಟ್ಟದ್ದನ್ನೇ ಒಗೆದು, ಒಣಗೋವರೆಗೆ ಒಳಗೇ ಕೂತ ಹೆಂಗಸರ ಕತೆ ಹಳೆಯ ತಲೆಯವರು ಹೇಳುತ್ತಿದ್ದರು.

ಊಟಕ್ಕೂ ಕೈ ಬಿತ್ತು. ಸರ್ಕಾರ ರೈತರಿಂದ ಗೊತ್ತಾದ ಬೆಲೆಗೆ ರಾಗಿ, ಭತ್ತ ವಸೂಲಿ ಮಾಡಿತು. ಇದೇ ಲೆವಿ. ಪೇಟೆಯವರಿಗೆ ಪಡಿತರ ಚೀಟಿ ಬಂತು. ನೀವು ಇವತ್ತು ರೇಷನ್ ಕಾರ್ಡ್ ಅಂತೀರಲ್ಲ, ಅದರ ಬೇರು ಅಲ್ಲಿದೆ. ಬಂಗಾಳದಲ್ಲಂತೂ 1943ರಲ್ಲಿ ಕ್ಷಾಮ ಬಂದು 20ರಿಂದ 30 ಲಕ್ಷ ಜನ ಸತ್ತರು. ಅಕ್ಕಿ ಪೂರಾ ಇರಲಿಲ್ಲ ಅಂತಲ್ಲ. ಬಡವರು ಕೊಳ್ಳೋ ಬೆಲೆಯಲ್ಲಿ ಇರಲಿಲ್ಲ.

ಬೆಲೆ ಯಾಕೆ ಅಷ್ಟು ಏರಿತು? ಯುದ್ಧದ ಖರ್ಚಿಗೆ ಸರ್ಕಾರ ನೋಟು ಅಚ್ಚು ಹಾಕಿಸುತ್ತಾ ಹೋಯಿತು. ದೇಶದಲ್ಲಿ ಓಡಾಡುವ ನೋಟು ಐದು ಪಟ್ಟಿಗೂ ಹೆಚ್ಚಾಯಿತು. ರಾಗಿ ಐದು ಪಟ್ಟು ಬೆಳೆಯಲಿಲ್ಲ. ಸಂತೆಯಲ್ಲಿ ಇರೋದು ಹತ್ತೇ ಸೇರು ರಾಗಿ, ಆದರೆ ಎಲ್ಲರ ಸೆರಗಿನಲ್ಲೂ ಹೆಚ್ಚು ದುಡ್ಡು ಅಂದುಕೊಳ್ಳಿ. ಸೇರಿನ ಬೆಲೆ ಏರದೆ ಇರುತ್ತಾ? ಅದರಲ್ಲೂ ಕೂಲಿಯವರ ಸೆರಗಿಗೆ ಆ ದುಡ್ಡು ಕೊನೆಯಲ್ಲಿ ಬರುತ್ತೆ.

ಈಗ ರೇಷ್ಮೆಗೆ ಬರೋಣ. ವಿಮಾನದಿಂದ ಸೈನಿಕ ಹಾರಿದರೆ ಅವನ ಮೇಲೆ ದೊಡ್ಡ ಕೊಡೆ ಬಿಚ್ಚಿಕೊಳ್ಳುತ್ತೆ. ಅದೇ ಪ್ಯಾರಾಚೂಟ್. ಅದಕ್ಕೆ ಹಗುರವಾದ, ಹರಿಯದ, ಮಡಿಸಿದರೆ ಚಿಕ್ಕದಾಗುವ ಬಟ್ಟೆ ಬೇಕು. ರೇಷ್ಮೆಯೇ ಸರಿ. ಆದರೆ ಜಪಾನ್ ಈಗ ಶತ್ರು. ಆ ರೇಷ್ಮೆ ಸಿಗೋಲ್ಲ. ಆಗ ಸರ್ಕಾರದ ಕಣ್ಣು ಮೈಸೂರು, ಕಾಶ್ಮೀರದ ಕಡೆ ತಿರುಗಿತು. ಹತ್ತು ವರ್ಷದ ಹಿಂದೆ ಕೇಳೋರಿಲ್ಲದ ಗೂಡಿಗೆ ಒಳ್ಳೆ ಬೆಲೆ ಬಂತು. ಹಿಪ್ಪುನೇರಳೆ ತೋಟ ಮತ್ತೆ ಎದ್ದವು.

ಪ್ಯಾರಾಚೂಟಿಗೆ ಚರಕದ ನೂಲು ಸಾಲದು. ಅದರಲ್ಲಿ ದಪ್ಪ, ತೆಳು ಬರುತ್ತೆ. ಎಳೆ ಒಂದೇ ಸಮ ಇರಬೇಕು. ಅದಕ್ಕೆ ಫಿಲೇಚರ್ ಬೇಕು. ಅಂದರೆ ಯಂತ್ರದಲ್ಲಿ ನೂಲು ಬಿಚ್ಚುವ ಕಾರ್ಖಾನೆ. ಯುದ್ಧದಲ್ಲಿ ಇವು ಹೆಚ್ಚಿದವು. ನೂಲು ಬಿಚ್ಚಿದ ಮೇಲೆ ಉಳಿಯುವ ಚಿಂದಿ ರೇಷ್ಮೆಯಿಂದ ನೂಲು ತೆಗೆಯೋಕೆ ಚನ್ನಪಟ್ಟಣದಲ್ಲಿ 1930ರ ದಶಕದಲ್ಲೇ ಸ್ಪನ್ ಸಿಲ್ಕ್ ಮಿಲ್ ಶುರುವಾಗಿತ್ತು.

ಹಾಗಾದರೆ ಯುದ್ಧದಿಂದ ನಮಗೆ ಲಾಭವೇ ಆಯಿತಲ್ಲ ಅಂತೀರಾ? ತೋಟ ಇದ್ದವರಿಗೆ, ವ್ಯಾಪಾರಿಗೆ ಆಯಿತು. ಆದರೆ ಗೂಡು ಮಾರಿದ ದುಡ್ಡು ಹಿಡಿದು ಅಂಗಡಿಗೆ ಹೋದರೆ ಬಟ್ಟೆ ದುಬಾರಿ, ಎಣ್ಣೆ ಇಲ್ಲ. ತೋಟ ಇಲ್ಲದೆ, ಕುದಿಯೋ ನೀರಿಗೆ ಬೆರಳು ಅದ್ದಿ ನೂಲು ಬಿಚ್ಚುವವಳಿಗೆ ರೇಟು ಏರಿದ್ದು ಬರೀ ಸುದ್ದಿ. ಅವಳ ಕೈಗೆ ಬಂದದ್ದು ಕೂಲಿ. ಸೈನ್ಯಕ್ಕೆ ಸೇರಿದ 25 ಲಕ್ಷ ಭಾರತೀಯರಲ್ಲಿ 87 ಸಾವಿರ ಜನ ಸತ್ತರು. ಅವರ ಮನೆಯವರನ್ನು ಲಾಭದ ಮಾತು ಕೇಳೋಕಾಗುತ್ತಾ?

1945ರ ಆಗಸ್ಟಿನಲ್ಲಿ ಅಮೆರಿಕ ಜಪಾನಿನ ಹಿರೋಷಿಮಾ, ನಾಗಸಾಕಿ ಊರುಗಳ ಮೇಲೆ ಅಣುಬಾಂಬ್ ಹಾಕಿತು. ಊರಿಗೆ ಊರೇ ಸುಟ್ಟುಹೋಯಿತು. ಯುದ್ಧ ಮುಗಿಯಿತು. ಪ್ಯಾರಾಚೂಟಿನ ಬೇಡಿಕೆಯೂ ಮುಗಿಯಿತು. ಅಷ್ಟರಲ್ಲಿ ನೈಲಾನ್ ಬಂದಿತ್ತು. ಅಮೆರಿಕದ ಹೆಂಗಸರ ಕಾಲುಚೀಲವೂ ನೈಲಾನಿನದೇ ಆಯಿತು. ರೇಷ್ಮೆ ಬೆಲೆ ಮತ್ತೆ ಇಳಿಯಿತು. ಈ ಉದ್ಯೋಗವನ್ನು ನೋಡಿಕೊಳ್ಳೋಕೆ ಅಂತ 1948ರಲ್ಲಿ ಕಾನೂನು ಮಾಡಿ ಕೇಂದ್ರ ರೇಷ್ಮೆ ಮಂಡಳಿ ಕಟ್ಟಿದರು.

ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ನಡುವೆ ದೊಡ್ಡ ತೂತು ಇರೋ ತಾಮ್ರದ ಬಣ್ಣದ ಕಾಸು ಇದೆಯಾ? ಮಕ್ಕಳ ಉಡಿದಾರಕ್ಕೆ ಕಟ್ಟುತ್ತಿದ್ದರಲ್ಲ, ಅದೇ ತೂತಿನ ಕಾಸು. ಯುದ್ಧಕ್ಕೆ ಲೋಹ ಬೇಕು ಅಂತ ಕಾಸಿನ ನಡುವಿನ ತಾಮ್ರವನ್ನೂ ಉಳಿಸಿದ್ದರು. ಅದರ ಮೇಲೆ ಇಸವಿ ಇದೆ. ಹುಣಿಸೆಹಣ್ಣಿನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ಓದಿ ನೋಡಿ. 1943ರಿಂದ 1947ರ ಒಳಗಿನದೇ ಇರುತ್ತೆ.