ಕಾಮಗಾರಿ ಸ್ಥಳದಲ್ಲಿ ಭಾರಿ ಯಂತ್ರಗಳು: ಸರಕು ಸಾಗಿಸುವವರಿಗೆ ಎಚ್ಚರಿಕೆಯ ಮಾತು

ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ, ತುಮಕೂರು–ದಾವಣಗೆರೆ ರೈಲು ಮಾರ್ಗ, ಹಿರಿಯೂರು–ಚಿತ್ರದುರ್ಗ ಮೂಲಕ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿ, ಹೊಳಲ್ಕೆರೆ ಸೀಮೆಯ ಗಣಿಗಳು ಜಿಲ್ಲೆಯ ವರ್ತಕರಿಗೆ ವ್ಯಾಪಾರ ತಂದಿವೆ. ಸಿಮೆಂಟು, ಕಬ್ಬಿಣ, ಪೈಪುಗಳನ್ನು ಹೊತ್ತ ನಮ್ಮ ವಾಹನಗಳು ಇಂತಹ ಕಾಮಗಾರಿ ಸ್ಥಳಗಳ ಒಳಕ್ಕೇ ಹೋಗಬೇಕಾಗುತ್ತದೆ. ಅಲ್ಲಿನ ಅಪಾಯವು ಹೆದ್ದಾರಿಯ ಅಪಾಯಕ್ಕಿಂತ ಭಿನ್ನವಾದುದು.

ಮೊದಲನೆಯದಾಗಿ, ಯಂತ್ರ ನಡೆಸುವವನಿಗೆ ನಮ್ಮ ವಾಹನ ಕಾಣುತ್ತಿದೆಯೆಂದು ಭಾವಿಸಬಾರದು. ಹಿಟಾಚಿಯಲ್ಲಿ ಚಾಲಕನ ಕೋಣೆ ಸಾಮಾನ್ಯವಾಗಿ ಎಡಭಾಗದಲ್ಲಿರುತ್ತದೆ. ಬಲಗಡೆಯ ನೋಟಕ್ಕೆ ಯಂತ್ರದ ತೋಳು, ಹಿಂದಿನ ನೋಟಕ್ಕೆ ಎಂಜಿನ್ ಅಡ್ಡವಾಗುತ್ತವೆ. 20 ಟನ್ ತೂಕದ ಯಂತ್ರದ ತೋಳು ಸುಮಾರು 10 ಮೀಟರ್ ಚಾಚಬಲ್ಲದು. ಯಂತ್ರ ತಿರುಗುವಾಗ ಅದರ ಹಿಂಭಾಗವೂ ಪಕ್ಕಕ್ಕೆ ಬೀಸುತ್ತದೆ. ಆದುದರಿಂದ ದೂರದಲ್ಲೇ ನಿಂತು, ಚಾಲಕನು ನಮ್ಮನ್ನು ನೋಡಿ, ಬಕೆಟ್ಟನ್ನು ನೆಲಕ್ಕಿಳಿಸಿ, ಕೈಸನ್ನೆ ಮಾಡಿದ ನಂತರವೇ ಮುಂದುವರಿಯತಕ್ಕದ್ದು.

ಎರಡನೆಯದು ವೇಗ. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ, 20 ಕಿ.ಮೀ. ವೇಗದಲ್ಲಾದರೆ ಆರು ಮೀಟರಿಗೂ ಕಡಿಮೆ. ಸಡಿಲ ಮಣ್ಣು, ಜಲ್ಲಿಯ ಮೇಲೆ ಬ್ರೇಕು ಬೇಗ ಹಿಡಿಯುವುದಿಲ್ಲ. ಧೂಳೆದ್ದಾಗ ದೀಪ ಹಚ್ಚಿಕೊಂಡು, ಧೂಳು ಇಳಿಯುವವರೆಗೆ ಮುಂದಿನ ವಾಹನವನ್ನು ದಾಟದಿರುವುದು ಒಳಿತು. ತುಂಬಿದ ಟಿಪ್ಪರಿಗೆ ದಾರಿ ಬಿಡಬೇಕು. ಹಿಮ್ಮುಖವಾಗಿ ಬರುತ್ತಿರುವ ಟಿಪ್ಪರಿನ ಹಿಂದೆ ನಿಲ್ಲಲೇಬಾರದು. ಕಾಲುವೆಯ ಅಂಚಿನಲ್ಲಿ ವಾಹನ ನಿಲ್ಲಿಸಿದರೆ ಮಣ್ಣು ಕುಸಿಯುವ ಭಯವುಂಟು.

ಮೂರನೆಯದಾಗಿ, ಸರಕು ಇಳಿಸುವಾಗ ಕ್ರೇನಿನ ತೂಗುಭಾರದ ಕೆಳಗೆ ಯಾರೂ ಇರಕೂಡದು. ಚಾಲಕನು ಕ್ಯಾಬಿನ್ನಿನಿಂದಿಳಿದು, ಗುತ್ತಿಗೆದಾರರು ತೋರಿಸಿದ ಜಾಗದಲ್ಲಿ ನಿಲ್ಲಬೇಕು. ಮೇಲೆ ವಿದ್ಯುತ್ ತಂತಿಯಿದ್ದಲ್ಲಿ ಟಿಪ್ಪರಿನ ತೊಟ್ಟಿಯನ್ನು ಎತ್ತಿಸಬಾರದು.

ಕಾನೂನನ್ನೂ ಗಮನಿಸಬೇಕು. ರಸ್ತೆ ಕಾಮಗಾರಿಯಲ್ಲಿ ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ಹಾಗೆಂದು ನಮ್ಮ ಹೊಣೆ ತಪ್ಪುವುದಿಲ್ಲ. ಕೆಲಸದ ನಿಮಿತ್ತ ಹೋದ ಚಾಲಕನಾಗಲಿ ಹಮಾಲಿಯಾಗಲಿ ಗಾಯಗೊಂಡರೆ, ಕಾನೂನಿನಂತೆ ಮಾಲೀಕನೂ ಬಾಧ್ಯನಾಗಬಹುದು. ವಿಮಾ ಪಾಲಿಸಿಯಲ್ಲಿ ಈ ಬಾಧ್ಯತೆ ಸೇರಿದೆಯೇ ಎಂಬುದನ್ನು ಇಂದೇ ಪರಿಶೀಲಿಸಿಕೊಳ್ಳುವುದು ಲೇಸು.

ಲೋಡು ಹೊರಡುವ ಮುನ್ನ ಸ್ಥಳದ ಮೇಲ್ವಿಚಾರಕರಿಗೆ ದೂರವಾಣಿ ಮಾಡಿ, ಒಳಹೋಗುವ ದಾರಿ ಹಾಗೂ ಇಳಿಸುವ ಜಾಗವನ್ನು ಕೇಳಿ ಚಾಲಕನಿಗೆ ತಿಳಿಸಬೇಕು. ಬೇಗ ಹಿಂತಿರುಗೆಂದು ಅವನನ್ನು ಅವಸರಪಡಿಸಬಾರದು. ಅರ್ಧ ಗಂಟೆ ತಡವಾದ ಲೋಡಿನ ನಷ್ಟವನ್ನು ಮರುದಿನ ತುಂಬಿಕೊಳ್ಳಬಹುದು; ಹೋದ ಜೀವವನ್ನು ತುಂಬಿಕೊಡಲಾಗದು.