ಕತ್ತರಿಗೆ ಮುನ್ನ ನೀರು

ದೀಪಾವಳಿಗೆಂದು ತಮ್ಮನಿಗೆ ಮನೆಯಲ್ಲಿಯೇ ಹೊಲಿದ ಹತ್ತಿಯ ಅಂಗಿಯು ಮೊದಲ ಒಗೆತದಲ್ಲಿಯೇ ಗಿಡ್ಡವಾಗುವುದುಂಟು. ತಪ್ಪು ಹೊಲಿಗೆಯದಲ್ಲ. ಮಗ್ಗದಲ್ಲಿ ಉದ್ದಕ್ಕೆ ಎಳೆದು ಬಿಗಿದ ನೂಲು ಹಾಸು. ಅದಕ್ಕೆ ಅಡ್ಡಲಾಗಿ ಸೇರುವುದು ಹೊಕ್ಕು. ನೀರು ತಗುಲಿದೊಡನೆ ಹಾಸಿನ ಬಿಗುವು ಸಡಿಲುತ್ತದೆ. ಹೊಕ್ಕಿನ ನೂಲು ಉಬ್ಬಿ ದಪ್ಪವಾಗುತ್ತದೆ. ಆ ದಪ್ಪವನ್ನು ಬಳಸಿ ಸಾಗಬೇಕಾದ ಹಾಸು ಹೆಚ್ಚು ಬಾಗುವುದರಿಂದ ಬಟ್ಟೆಯ ಉದ್ದ ಕುಗ್ಗುತ್ತದೆ. ಒಣಗಿದ ಮೇಲೂ ಹಿಂದಿನ ಅಳತೆಗೆ ಮರಳದು. ಮೀಟರಿಗೆ 5 ಸೆಂ.ಮೀ. ಹೋದರೂ ಆಶ್ಚರ್ಯವಿಲ್ಲ. (ಅಂಚು ಕೆಳಗೆ ಬರುವಂತೆ ಹೊಲಿದ ಲಂಗದಲ್ಲಾದರೋ ಹಾಸು ಸುತ್ತಳತೆಗೆ ಬರುತ್ತದೆ, ನಿರಿಗೆಗಳ ನಡುವೆ ಆ ನಷ್ಟ ಕಣ್ಣಿಗೆ ಬೀಳದು.) ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ರೂಪಿಸಿದ, 1930ರ ದಶಕದಲ್ಲಿ ಬಳಕೆಗೆ ಬಂದ ವಿಧಾನದಿಂದ ಗಿರಣಿಯಲ್ಲಿಯೇ ಬಟ್ಟೆಯನ್ನು ಮುಂಚಿತವಾಗಿ ಕುಗ್ಗಿಸಬಹುದು. ಕೈಮಗ್ಗದ ಬಟ್ಟೆಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಅದನ್ನು ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಹಿಂಡದೆ ನೆರಳಿನಲ್ಲಿ ಒಣಗಿಸಿ, ಅನಂತರವೇ ಕತ್ತರಿ ಹಿಡಿಯಿರಿ.