ಎದುರು ಪಕ್ಷದವರ ಬಿಲ್ಲುಗಳು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ಅಡ್ವಾನ್ಸ್ ವಾಪಸು ಕೇಳಿದರೆ, ಎಷ್ಟೋ ಸಲ ದುಡ್ಡಿನ ಬದಲು ಒಂದು ಪಟ್ಟಿ ಕೈಗೆ ಬರುತ್ತದೆ: ಪೇಂಟಿಂಗ್‌ಗೆ ಇಷ್ಟು, ನಲ್ಲಿ ರಿಪೇರಿಗೆ ಇಷ್ಟು, ಬಾಗಿಲಿಗೆ ಇಷ್ಟು. ದಾವೆ ಹೂಡಿದರೆ ಅದೇ ಪಟ್ಟಿ ಇನ್ನಷ್ಟು ಬೆಳೆದು ಪ್ರತಿದಾವೆಯಾಗಿ ಎದುರು ನಿಲ್ಲುತ್ತದೆ. ಸಿಟ್ಟು ಬರುವುದು ಸಹಜ. ಆದರೆ ‘ಎಲ್ಲಾ ಸುಳ್ಳು’ ಎಂದು ಒಂದೇ ಸಾಲು ಬರೆದುಕೊಟ್ಟರೆ ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲ.

ಪ್ರತಿದಾವೆಯನ್ನು ಕಾನೂನು ದಾವೆಯಂತೆಯೇ ನೋಡುತ್ತದೆ. ಅದಕ್ಕೆ ಲಿಖಿತ ಉತ್ತರ ಕೊಡಲೇಬೇಕು. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿಕೊಂಡಂತೆಯೇ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 5ನೇ ನಿಯಮ ಹೇಳುತ್ತದೆ. ಆದ್ದರಿಂದ ಒಂದೊಂದು ಬಾಬ್ತಿಗೂ ಬೇರೆ ಬೇರೆ ಉತ್ತರ ಬರೆಯಿರಿ. ಕಿಟಕಿ ಗಾಜು ಒಡೆದದ್ದು ನಿಮ್ಮ ಮನೆಯ ಮಕ್ಕಳೇ ಆದರೆ ಅದನ್ನು ಒಪ್ಪಿಕೊಳ್ಳಿ. ಉಳಿದ ಬಾಬ್ತುಗಳ ಬಗ್ಗೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಗೋಡೆಯ ಬಣ್ಣ ಮಾಸಿದ್ದು ಬೇರೆ ಸಂಗತಿ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ದಿನಬಳಕೆಯ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ. ಆದರೆ ‘ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು’ ಎಂಬ ಷರತ್ತಿಗೆ ನೀವು ಸಹಿ ಹಾಕಿದ್ದರೆ ಸವಕಳಿಯ ವಾದ ಸೊರಗುತ್ತದೆ. ಹೀಗಾಗಿ ಬಿಲ್ಲಿಗಿಂತ ಮೊದಲು ಕರಾರುಪತ್ರ ಓದಿ.

ಈಗ ಬಿಲ್ಲನ್ನು ಕೈಗೆತ್ತಿಕೊಳ್ಳಿ. ಅದು ಬಿಲ್ಲೋ, ಕೊಟೇಶನ್ನೋ? ಕೊಟೇಶನ್ ತೋರಿಸುವುದು ಮುಂದೆ ಆಗಬಹುದಾದ ಖರ್ಚನ್ನು. ಜಿಎಸ್‌ಟಿ ಸಂಖ್ಯೆ ಇದ್ದರೆ ಎಣಿಸಿ: 15 ಅಂಕಿ-ಅಕ್ಷರಗಳಿರಬೇಕು, ಕರ್ನಾಟಕದ ನೋಂದಣಿ 29ರಿಂದ ಶುರುವಾಗಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ನೋಂದಣಿ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ತಿಳಿಯುತ್ತದೆ. ಸಣ್ಣ ಪೇಂಟರ್‌ಗೆ ನೋಂದಣಿ ಬೇಕೆಂದೇನಿಲ್ಲ. ಸಂಖ್ಯೆ ಇಲ್ಲವೆಂದ ಮಾತ್ರಕ್ಕೆ ಬಿಲ್ಲು ಸುಳ್ಳಾಗದು. ಮಾರ್ಚ್ ತಿಂಗಳ ಬಿಲ್ಲಿಗೆ 118ನೇ ನಂಬರು, ಅದೇ ಪುಸ್ತಕದ ಮೇ ತಿಂಗಳ ಬಿಲ್ಲಿಗೆ 117 ಇದ್ದರೆ ಮಾತ್ರ ಪಾಟಿ ಸವಾಲಿಗೆ ಒಳ್ಳೆಯ ಪ್ರಶ್ನೆ ಸಿಕ್ಕಿತು. ಹಣ ಹೇಗೆ ಕೊಟ್ಟಿರಿ, ಬ್ಯಾಂಕಿನ ದಾಖಲೆ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಆ ದಾಖಲೆ ಹಾಜರುಪಡಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ ಅರ್ಜಿ ಹಾಕಬಹುದು. ಪೇಂಟರನ್ನು ನೀವೇ ಸಮನ್ಸ್ ಮಾಡಿಸಿ ಕರೆಸುವ ಆತುರ ಬೇಡ; ಬಂದವನು ನಿಮ್ಮ ಸಾಕ್ಷಿಯಾಗುತ್ತಾನೆ. ಖರ್ಚು ರುಜುವಾತುಪಡಿಸುವ ಹೊರೆ ಎದುರು ಪಕ್ಷದ್ದು, ಅವರೇ ಹೊರಲಿ.

ಕಕ್ಷಿದಾರರು ಹೆಚ್ಚಾಗಿ ಎಡವುವುದು ಸಾಕ್ಷ್ಯದ ದಿನ. ಎದುರು ಪಕ್ಷದವರು ಬಿಲ್ಲಿನ ಜೆರಾಕ್ಸ್ ಮುಂದಿಟ್ಟು ಅದನ್ನು ಸಾಕ್ಷ್ಯವಾಗಿ ಗುರುತಿಸುವ ನಿಶಾನೆ ಕೊಡಬೇಕೆಂದು ಕೇಳುತ್ತಾರೆ. ಮೂಲ ಎಲ್ಲಿ ಎಂದು ನಿಮ್ಮ ವಕೀಲರು ಆ ಕ್ಷಣವೇ ಆಕ್ಷೇಪಣೆ ಎತ್ತಬೇಕು. ದಾಖಲೆಯನ್ನು ರುಜುವಾತುಪಡಿಸುವ ಕ್ರಮದ ಬಗ್ಗೆ ಆಗ ಸುಮ್ಮನಿದ್ದು ಆಮೇಲೆ ತಕರಾರು ತೆಗೆಯಲು ಬರುವುದಿಲ್ಲ ಎಂದು ವೆಂಕಟಾಚಲ ಗೌಂಡರ್ ಪ್ರಕರಣದಲ್ಲಿ (2003) ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ವಾಟ್ಸ್‌ಆ್ಯಪ್ ಫೋಟೋಗಳ ಪ್ರಿಂಟಿಗೂ ಇದೇ ಎಚ್ಚರ ಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಅದರ ಜೊತೆಗಿದೆಯೇ ನೋಡಿ. ಮುದ್ರಾಂಕ ಶುಲ್ಕ ಕಡಿಮೆ ಇರುವ ಕರಾರಿನ ವಿಷಯದಲ್ಲೂ ಹಾಗೆಯೇ: ಒಮ್ಮೆ ಸಾಕ್ಷ್ಯವಾಗಿ ಸ್ವೀಕೃತವಾದ ಮೇಲೆ ಆ ದಾವೆಯಲ್ಲಿ ಶುಲ್ಕದ ತಕರಾರಿಗೆ ಅವಕಾಶ ಬಹುಮಟ್ಟಿಗೆ ಮುಚ್ಚುತ್ತದೆ. ಹಾಗೆಂದು ನಿಶಾನೆ ಬಿದ್ದ ಕೂಡಲೇ ಬಿಲ್ಲಿನೊಳಗಿನ ಮೊತ್ತ ನಿಜವೆಂದು ಸಾಬೀತಾಗಿಬಿಡುವುದಿಲ್ಲ. ಅದನ್ನು ಪಾಟಿ ಸವಾಲಿನಲ್ಲಿ ಪ್ರಶ್ನಿಸುವ ದಾರಿ ತೆರೆದೇ ಇರುತ್ತದೆ.

ಸುಳ್ಳೆಂದು ಗೊತ್ತಿದ್ದೇ ಕ್ಲೇಮು ಮಾಡಿದವರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 35-ಎ ಕಲಮಿನಡಿ ಪರಿಹಾರ ಖರ್ಚು ಕೇಳಬಹುದು. ಅದಕ್ಕೂ ಆಕ್ಷೇಪಣೆ ಮೊದಲೇ ದಾಖಲಾಗಿರಬೇಕು. ನಿಮ್ಮ ಲಿಖಿತ ಉತ್ತರದಲ್ಲೇ ಬರೆದಿಡಿ. ಸಾಮಾನ್ಯ ದಾವೆಗಳಲ್ಲಿ ಅದರ ಮಿತಿ 3,000 ರೂಪಾಯಿ. 1976ರ ತಿದ್ದುಪಡಿ ನಿಗದಿ ಮಾಡಿದ ಈ ಮೊತ್ತ ವಕೀಲರ ಒಂದು ದಿನದ ಶುಲ್ಕಕ್ಕೂ ಸಾಲದಿರಬಹುದು, ಇದನ್ನು ಏರಿಸಲೇಬೇಕು. ವಾಣಿಜ್ಯ ವ್ಯಾಜ್ಯಗಳಿಗೆ 2015ರ ಕಾಯ್ದೆ ಈ ಮಿತಿಯನ್ನು ತೆಗೆದುಹಾಕಿದೆ. ಬಾಡಿಗೆ ಮನೆಯ ಅಡ್ವಾನ್ಸ್‌ಗಾಗಿ ಅಲೆಯುವವರಿಗೆ ಆ ಅನುಕೂಲ ಇನ್ನೂ ಸಿಕ್ಕಿಲ್ಲ.